ಮೊದಲು ಗೇರಿನ ಹಲ್ಲು ಎಣಿಸಿ

ಉಡುಪಿ, ಮಣಿಪಾಲ, ಕಾರ್ಕಳದ ಕಡೆ ಜೀಪು ಕಟ್ಟಿಸುವವರು ಈಚೆಗೆ ಬಹಳ ಹೆಚ್ಚಿದ್ದಾರೆ. ಯಾರದೋ ತೋಟದ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ನಿಂತ ಹಳೆಯ ಮಹೀಂದ್ರವನ್ನು ಎಳೆದು ತಂದು ಹೊಸದು ಮಾಡಿಸುವವರಿದ್ದಾರೆ; ಶೋರೂಮಿನಿಂದ ಇಳಿದ ಥಾರನ್ನು ತಿಂಗಳು ತುಂಬುವ ಮೊದಲೇ ಗ್ಯಾರೇಜಿಗೆ ಬಿಡುವವರೂ ಇದ್ದಾರೆ. ಇಬ್ಬರೂ ಹೋಗುವ ದಾರಿ ಒಂದೇ. ಮೊದಲು ದೊಡ್ಡ ಟಯರು. ಟಯರು ಮಡ್‌ಗಾರ್ಡಿಗೆ ತಾಗುತ್ತದೆಂದು ಗಾಡಿ ಎತ್ತರಿಸುವುದು. ಆಮೇಲೆ ಕಬ್ಬಿಣದ ಬಂಪರು, ವಿಂಚು, ಸಾಲು ದೀಪ. ಇಷ್ಟಾದ ಮೇಲೆ ಗಾಡಿ ಎಳೆಯುವುದಿಲ್ಲ ಅನ್ನಿಸಿದರೆ ಎಂಜಿನ್ನಿಗೆ ಕೈ. ಗೇರ್‌ಬಾಕ್ಸಿನ ಮಾತು ಎತ್ತಿದರೆ, "ಇದ್ದದ್ದೇ ಸಾಕು ಮಾರಾಯ್ರೆ" ಎನ್ನುತ್ತಾರೆ. ಇಲ್ಲವೇ, "ಐದು ಗೇರಿನದ್ದು ಯಾವುದಾದರೊಂದು ಕೂರಿಸಿ" ಎನ್ನುತ್ತಾರೆ. ಇತ್ತೀಚೆಗೆ ಇನ್ನೊಂದು ಮಾತೂ ಸೇರಿದೆ: "ಈ ಕಾಲದಲ್ಲಿ ಕ್ಲಚ್ ತುಳಿಯುವುದು ಎಂತಕ್ಕೆ? ಆಟೊಮ್ಯಾಟಿಕ್ ತೆಗೊಳ್ಳಿ, ಉಳಿದದ್ದನ್ನು ಗಾಡಿಯೇ ನೋಡಿಕೊಳ್ಳುತ್ತದೆ."

ಈ ಲೆಕ್ಕಾಚಾರ ಬುಡದಿಂದಲೇ ತಪ್ಪು. ನಮ್ಮ ಕರಾವಳಿಯ ನೆಲ, ನಮ್ಮ ಮಳೆ, ನಮ್ಮ ಗುಡ್ಡದ ದಾರಿಗಳಿಗೆ ಗಾಡಿ ಕಟ್ಟುವಾಗ ಮೊದಲು ತೀರ್ಮಾನ ಆಗಬೇಕಾದದ್ದು ಗೇರಿನ ಲೆಕ್ಕ. ಟಯರು, ಎತ್ತರ, ಎಂಜಿನ್ ಎಲ್ಲವೂ ಆ ಲೆಕ್ಕದ ಹಿಂದೆ ಬರಬೇಕು. ಈ ಕ್ರಮ ತಿರುಗುಮುರುಗಾದ ಗಾಡಿ ಪೇಟೆಯಲ್ಲಿ ನೋಡಲಿಕ್ಕೆ ಚೆಂದ ಕಾಣುತ್ತದೆ. ಹೆಬ್ರಿ ದಾಟಿ ಒಳಗಿನ ತೋಟದ ಇಳಿಜಾರಿಗೆ, ಹಿಂದೆ ನಾಲ್ಕು ಜನ ಕೂತಿರುವಾಗ, ಅದನ್ನು ಒಯ್ಯಬಾರದು.

ನೆಲದ ಮಾತು ಮೊದಲು. ಉಡುಪಿಯ ಬನ್ನಂಜೆಯಿಂದ ಹೊರಟರೆ ದಕ್ಷಿಣಕ್ಕೆ ರಾಷ್ಟ್ರೀಯ ಹೆದ್ದಾರಿ 66 ಕಾಪುವಿನ ಕಡೆ ಸಪಾಟಾಗಿ ಹೋಗುತ್ತದೆ. ಪೂರ್ವಕ್ಕೆ 169ಎ ಹಿಡಿದರೆ ಮಣಿಪಾಲ, ಪರ್ಕಳ, ಹಿರಿಯಡ್ಕ, ಹೆಬ್ರಿ, ಸೋಮೇಶ್ವರ, ಅಲ್ಲಿಂದ ಆಗುಂಬೆ ಘಾಟಿ. ಈ ಹೆದ್ದಾರಿಯಿಂದ ಎಡಕ್ಕೋ ಬಲಕ್ಕೋ ಇಳಿದ ಕೂಡಲೇ ಮುರಕಲ್ಲಿನ ದಾರಿ. ಬೇಸಿಗೆಯಲ್ಲಿ ಒಣಗಿದ ಮುರಕಲ್ಲು ಯಾವ ಟಯರನ್ನೂ ಹಿಡಿದುಕೊಳ್ಳುತ್ತದೆ. ಆಗ ಎಲ್ಲ ಗಾಡಿಯೂ ಒಳ್ಳೆಯದೇ. ಜೂನ್ ಬಂದಿತೆಂದರೆ ಅದೇ ಕಲ್ಲಿನ ಮೇಲೆ ಕೆಂಪು ಮಣ್ಣಿನ ತೆಳು ಲೇಪ ಕೂರುತ್ತದೆ, ಅಡಿಯಲ್ಲಿ ಗಟ್ಟಿ, ಮೇಲೆ ಜಾರು. ಮರದ ನೆರಳಿರುವಲ್ಲಿ ಹಾವಸೆ ಕಟ್ಟುತ್ತದೆ. ಕಾರ್ಕಳದ ಕಡೆಗೆ ಹೋದರೆ ಕಪ್ಪು ಬಂಡೆ, ಅದರ ಮೇಲೆ ಹರಿಯುವ ನೀರು. ಏರುಗಳು ಉದ್ದವಲ್ಲ, ಆದರೆ ಕಡಿದು. ಅಡಿಕೆ ತೋಟದೊಳಗಿನ ತಿರುವುಗಳು ಒಂದೇ ಸಲಕ್ಕೆ ಕತ್ತರಿಸಲಾಗದಷ್ಟು ಇಕ್ಕಟ್ಟು. ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಲ್ಲಿ ಗಾಡಿಗೆ ಬೇಕಾದದ್ದು ನಿಧಾನ. ಎಂಜಿನ್ ಉಸಿರು ಕಟ್ಟದೆ, ಕ್ಲಚ್ ಅರೆಯದೆ, ಬ್ರೇಕಿಗೆ ಕಾಲಿಡದೆ, ಮನುಷ್ಯ ನಡೆಯುವುದಕ್ಕಿಂತ ನಿಧಾನವಾಗಿ ಏರುವ, ಇಳಿಯುವ ಶಕ್ತಿ. ಅದನ್ನು ಕೊಡುವುದು ಗೇರು ಮಾತ್ರ.

ಲೆಕ್ಕ ಸರಳ. ಗೇರ್‌ಬಾಕ್ಸಿನ ಮೊದಲ ಗೇರು ಎಷ್ಟು ಪಟ್ಟು ಇಳಿಸುತ್ತದೆ, ಫೋರ್ ವೀಲ್ ಲೋ, ಅಂದರೆ ನಾಲ್ಕೂ ಚಕ್ರ ಎಳೆಯುವಾಗ ಹಾಕುವ ನಿಧಾನದ ಗೇರು, ಎಷ್ಟು ಪಟ್ಟು ಇಳಿಸುತ್ತದೆ, ಆಕ್ಸಲ್ ಹೌಸಿಂಗಿನ ಒಳಗಿನ ಕ್ರೌನ್ ಪಿನಿಯನ್ ಎಷ್ಟು ಪಟ್ಟು ಇಳಿಸುತ್ತದೆ: ಮೂರನ್ನೂ ಗುಣಿಸಿ. ಬಂದ ಸಂಖ್ಯೆಯೇ ಕ್ರಾಲ್ ರೇಶಿಯೊ. ಎಂಜಿನ್ ಅಷ್ಟು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ಸಂಖ್ಯೆ ದೊಡ್ಡದಾದಷ್ಟೂ ಗಾಡಿ ನಿಧಾನ, ಎಳೆತ ಹೆಚ್ಚು, ಇಳಿಜಾರಿನಲ್ಲಿ ಎಂಜಿನ್ ಹಿಡಿತ ಬಿಗಿ. ಲಕ್ಷಾಂತರ ರೂಪಾಯಿ ಸುರಿದು ಜೀಪು ಕಟ್ಟಿಸಿದವರನ್ನು ಕೇಳಿ ನೋಡಿ, ಟಯರಿನ ಅಳತೆ ಅಂಗುಲ ಸಮೇತ ಹೇಳುತ್ತಾರೆ. ಈ ಒಂದು ಸಂಖ್ಯೆ ಹೇಳುವವರು ಬಹಳ ಕಡಿಮೆ.

ಈ ಸಂಖ್ಯೆಯ ಬೆಲೆ ಏನೆಂದು ಜೀಪಿನ ಚರಿತ್ರೆಯೇ ಹೇಳುತ್ತದೆ. ಎರಡನೆಯ ಮಹಾಯುದ್ಧದ ವಿಲ್ಲೀಸ್ ಎಂಬಿ ಜೀಪಿನಲ್ಲಿ ಮೊದಲ ಗೇರು 2.66, ಲೋ 1.97, ಕ್ರೌನ್ 4.88. ಗುಣಿಸಿದರೆ 25 ಚಿಲ್ಲರೆ. ಯುದ್ಧ ಮುಗಿದು 1945ರಲ್ಲಿ ಅದೇ ಕಂಪನಿ ರೈತರಿಗೆಂದು ಸಿಜೆ-2ಎ ಜೀಪು ತಂದಿತು. ಉಳುವುದು, ಎಳೆಯುವುದು, ಹೊರೆ ಹೊರುವುದು ಅದರ ಕೆಲಸ. ಎಂಜಿನ್ ದೊಡ್ಡದು ಮಾಡಿದರೇ? ಇಲ್ಲ. ಅದೇ 60 ಅಶ್ವಶಕ್ತಿಯ 2.2 ಲೀಟರ್ ಎಂಜಿನ್. ಟಯರು ದೊಡ್ಡದು ಮಾಡಿದರೇ? ಅದೂ ಇಲ್ಲ, ಅದೇ ಸಪೂರ 6.00-16. ಬದಲಾದದ್ದು ಗೇರು. ಟಿ-90 ಗೇರ್‌ಬಾಕ್ಸಿನ ಮೊದಲ ಗೇರು 2.8, ಲೋ ಎರಡೂವರೆಯ ಹತ್ತಿರ, ಕ್ರೌನ್ 5.38. ಒಟ್ಟು ಸುಮಾರು 37. ಸೈನ್ಯದ ಗಾಡಿಯನ್ನು ತೋಟದ ಗಾಡಿ ಮಾಡಲು ಆ ಎಂಜಿನಿಯರುಗಳಿಗೆ ಬೇಕಾದ ಮುಖ್ಯ ಬದಲಾವಣೆ ಇದಾಗಿತ್ತು. ಮುಂದೆ ನಮ್ಮ ದೇಶದಲ್ಲಿ ಮಹೀಂದ್ರದವರು ದಶಕಗಳ ಕಾಲ ತಯಾರಿಸಿದ ಸಿಜೆ-3ಬಿ ಇದೇ ವಂಶದ್ದು. ಮಲೆನಾಡಿನ ಕಾಫಿ ತೋಟಗಳಿಗೂ ನಮ್ಮ ಘಟ್ಟದ ಬುಡಕ್ಕೂ ಜೀಪು ಎಂಬ ಹೆಸರು ಅಂಟಿದ್ದು ಈ ಗೇರಿನ ಬಲದಿಂದ.

ಎಂಜಿನ್ ನಿಮಿಷಕ್ಕೆ 800 ಸುತ್ತಿನಲ್ಲಿ ಸುಮ್ಮನೆ ತಿರುಗುತ್ತಿದೆ, ಆಕ್ಸಿಲರೇಟರ್ ಮೇಲೆ ಕಾಲಿಲ್ಲ ಎಂದಿಟ್ಟುಕೊಳ್ಳಿ. ಯುದ್ಧದ ಜೀಪು ಗಂಟೆಗೆ ನಾಲ್ಕೂಕಾಲು ಕಿಲೋಮೀಟರ್ ಹೋಗುತ್ತದೆ, ರೈತರ ಜೀಪು ಮೂರು. ಕಾಗದದ ಮೇಲೆ ಸಣ್ಣ ವ್ಯತ್ಯಾಸ. ನೆನೆದ ಬಂಡೆಯ ಇಳಿಜಾರಿನಲ್ಲಿ ಅದೇ ವ್ಯತ್ಯಾಸದಿಂದ ಒಬ್ಬ ಚಾಲಕ ಬ್ರೇಕ್ ತುಳಿಯುತ್ತಾನೆ, ಇನ್ನೊಬ್ಬ ತುಳಿಯುವುದಿಲ್ಲ.

ಹಳೆಯ ಕಾಲದ ಮಾತೆಂದು ತಳ್ಳಿಹಾಕುವವರಿಗೆ 2023ರಲ್ಲಿ ನಮ್ಮಲ್ಲಿ ಬಿಡುಗಡೆಯಾದ ಐದು ಬಾಗಿಲಿನ ಮಾರುತಿ ಜಿಮ್ನಿಯ ಲೆಕ್ಕ ಕೊಡುತ್ತೇನೆ. ಮ್ಯಾನ್ಯುವಲ್ ಗಾಡಿಯ ಮೊದಲ ಗೇರು 4.425, ಲೋ 2.002, ಕ್ರೌನ್ 4.09. ಒಟ್ಟು 36.2. ಎಂಜಿನ್, ಬ್ರೇಕ್, ಕಂಪ್ಯೂಟರ್ ಎಲ್ಲ ಬದಲಾದ ಮೇಲೂ ಸಣ್ಣ ಗಾಡಿಯೊಂದನ್ನು ಗುಡ್ಡಕ್ಕೆ ಸಿದ್ಧ ಮಾಡುವಾಗ ಸುಜುಕಿಯವರು ಬಂದು ನಿಂತದ್ದು 1945ರ ಸಂಖ್ಯೆಯ ಪಕ್ಕದಲ್ಲೇ. ಅದೇ ಜಿಮ್ನಿಯ ಆಟೊಮ್ಯಾಟಿಕ್‌ನಲ್ಲಿ ಮೊದಲ ಗೇರು 2.875, ಕ್ರೌನ್ 4.3, ಒಟ್ಟು 24.7. ಒಂದೇ ಹೆಸರಿನ ಎರಡು ಗಾಡಿಗಳ ನಡುವೆ ಇಷ್ಟು ಅಂತರವಿದೆ. ಆದರೂ ಕೊಳ್ಳುವವರು ಬಣ್ಣದ ಮೇಲೆ ಕಳೆಯುವಷ್ಟು ಹೊತ್ತನ್ನು ಇದರ ಮೇಲೆ ಕಳೆಯುವುದಿಲ್ಲ.

ಈಗ ದೊಡ್ಡ ಟಯರು. ಹಳೆಯ ಜೀಪಿನ 6.00-16 ಟಯರಿನ ಎತ್ತರ ಇಪ್ಪತ್ತೆಂಟೂವರೆ ಅಂಗುಲದ ಆಸುಪಾಸು. ಅದಕ್ಕೆ 33 ಅಂಗುಲದ್ದು ಹಾಕಿಸಿದರೆ 37ರ ಗೇರು ಕೆಲಸದಲ್ಲಿ 32ಕ್ಕೆ ಇಳಿಯುತ್ತದೆ. ಟಯರು ಅಂಗಡಿಯಲ್ಲಿ ಒಂದು ಮಧ್ಯಾಹ್ನ ಕಳೆದು, ಕೈಯಿಂದ ದುಡ್ಡು ಕೊಟ್ಟು, ಎಂಟರಲ್ಲಿ ಒಂದು ಪಾಲಿಗಿಂತ ಹೆಚ್ಚು ಎಳೆತವನ್ನು ಕಳೆದುಕೊಂಡು ಬಂದ ಹಾಗಾಯಿತು. ಜಿಮ್ನಿಗೆ 31 ಅಂಗುಲ ಹಾಕಿಸಿದರೂ ಹೀಗೆಯೇ. 36 ಹೋಗಿ 32 ಆಗುತ್ತದೆ. ಟಯರಿನ ತೂಕ, ಅದನ್ನು ತಿರುಗಿಸಲು ಬೇಕಾದ ಬಲ, ನಿಲ್ಲಿಸಲು ಬೇಕಾದ ಬ್ರೇಕ್, ಆಕ್ಸಲಿನ ಮೇಲಿನ ಭಾರ ಇವೆಲ್ಲ ಬೇರೆ. ದೊಡ್ಡ ಟಯರಿನಿಂದ ಹೌಸಿಂಗ್ ನೆಲದಿಂದ ಎತ್ತರ ನಿಲ್ಲುತ್ತದೆ, ಅದು ನಿಜವಾದ ಲಾಭ, ಅಲ್ಲಗಳೆಯುವುದಿಲ್ಲ. ಆದರೆ ಕ್ರೌನ್ ಪಿನಿಯನ್ ಬದಲಿಸದೆ ಟಯರು ಬದಲಿಸಬಾರದು. ನಾನು ಕಂಡ ಗಾಡಿಗಳಲ್ಲಿ ಹಾಗೆ ಎರಡನ್ನೂ ಒಟ್ಟಿಗೆ ಬದಲಿಸಿದ್ದು ಅಪರೂಪ. ಟಯರು ಕಣ್ಣಿಗೆ ಕಾಣುತ್ತದೆ, ಕ್ರೌನ್ ಎಣ್ಣೆಯೊಳಗೆ ಮುಳುಗಿರುತ್ತದೆ.

ಎಳೆಯದಿದ್ದರೆ ಎಂಜಿನ್ ದೊಡ್ಡದು ಮಾಡಿದರಾಯಿತು ಎಂಬುದು ಇದಕ್ಕಿಂತಲೂ ದೊಡ್ಡ ತಪ್ಪು. ಎಂಜಿನ್ನಿನ ಬಲವನ್ನು ಇಮ್ಮಡಿ ಮಾಡಿದರೆ ಚಕ್ರಕ್ಕೆ ಬರುವ ಬಲ ಇಮ್ಮಡಿಯಾಗುತ್ತದೆ, ಅಷ್ಟೇ. ಗೇರಿನ ಅನುಪಾತವನ್ನು ಇಮ್ಮಡಿ ಮಾಡಿದರೂ ಬಲ ಇಮ್ಮಡಿಯಾಗುತ್ತದೆ. ಜೊತೆಗೆ ಗಾಡಿಯ ಕನಿಷ್ಠ ವೇಗ ಅರ್ಧಕ್ಕಿಳಿಯುತ್ತದೆ, ಇಳಿಜಾರಿನಲ್ಲಿ ಎಂಜಿನ್ ಹಿಡಿದಿಡುವ ಶಕ್ತಿಯೂ ಇಮ್ಮಡಿಯಾಗುತ್ತದೆ. ಈ ಎರಡು ಗುಣಗಳನ್ನು ಯಾವ ಅಶ್ವಶಕ್ತಿಯೂ ಕೊಡಲಾರದು. ಮತ್ತೊಂದು ಸಂಗತಿ ಇದೆ. ಇಂದಿನ ಟರ್ಬೊ ಡೀಸೆಲ್ ತನ್ನ ಪೂರ್ಣ ಬಲವನ್ನು ತೋರಿಸುವುದು ಒಂದು ಮಟ್ಟದ ಸುತ್ತು ದಾಟಿದ ಮೇಲೆ. 2020ರ ಥಾರಿನ 2.2 ಲೀಟರ್ ಡೀಸೆಲ್ ಎಂಜಿನ್ನಿನ 300 ನ್ಯೂಟನ್ ಮೀಟರ್ ಬಲ ಲಭ್ಯವಾಗುವುದು 1600ರಿಂದ 2800 ಸುತ್ತಿನ ನಡುವೆ. ಬಂಡೆಯ ಮೆಟ್ಟಿಲೊಂದನ್ನು ಮುಂದಿನ ಚಕ್ರ ಹತ್ತುವ ಗಳಿಗೆಯಲ್ಲಿ ಎಂಜಿನ್ ಇರುವುದು ಸಾವಿರದ ಆಸುಪಾಸಿನಲ್ಲಿ. ಜಾಹೀರಾತಿನಲ್ಲಿ ಓದಿದ ಬಲ ಅಲ್ಲಿ ಇರುವುದಿಲ್ಲ. ಗೇರು ಎತ್ತರದ್ದಾಗಿದ್ದರೆ, ಅಂದರೆ ಅನುಪಾತದ ಸಂಖ್ಯೆ ಚಿಕ್ಕದಾಗಿದ್ದರೆ, ಚಾಲಕ ಏನು ಮಾಡುತ್ತಾನೆ? ಆಕ್ಸಿಲರೇಟರ್ ಒತ್ತುತ್ತಾನೆ. ಟರ್ಬೊ ಒಮ್ಮೆಲೇ ಎದ್ದು ಬರುತ್ತದೆ, ಚಕ್ರ ಗಿರಗಿರ ತಿರುಗುತ್ತದೆ, ಜಾರುತ್ತಿದ್ದ ಟಯರು ಒಂದು ಕಲ್ಲನ್ನು ಹಠಾತ್ತಾಗಿ ಕಚ್ಚುತ್ತದೆ, ಜಾಯಿಂಟ್ ಕ್ರಾಸೋ ಆಕ್ಸಲೋ ತುಂಡಾಗುತ್ತದೆ. ಆಮೇಲೆ ಆಕ್ಸಲ್ ಗಟ್ಟಿಯದು ಹಾಕಿಸಬೇಕೆಂದು ಸಲಹೆ ಬರುತ್ತದೆ. ಗೇರು ಸರಿ ಇದ್ದ ಗಾಡಿಯಲ್ಲಿ ಚಕ್ರ ಆ ವೇಗಕ್ಕೆ ಹೋಗುವುದೇ ಇಲ್ಲ.

ಗೇರುಗಳ ಸಂಖ್ಯೆ ಹೆಚ್ಚಿದ್ದರೆ ಗಾಡಿ ಮೇಲು ಎಂಬ ನಂಬಿಕೆಯೂ ಗಟ್ಟಿಯಾಗಿ ಬೇರೂರಿದೆ. ಸೇರಿಸಿದ ಐದನೆಯ ಆರನೆಯ ಗೇರುಗಳು ಹೆಚ್ಚಾಗಿ ಮೇಲಿನ ತುದಿಯಲ್ಲಿ ಸೇರಿರುತ್ತವೆ, ಹೆದ್ದಾರಿಯ ಮೈಲೇಜಿಗಾಗಿ. ಕೆಸರಿನಲ್ಲಿ ಅವು ಇದ್ದೂ ಇಲ್ಲದ ಹಾಗೆ. ಗೇರ್‌ಬಾಕ್ಸ್ ಆರಿಸುವಾಗ ಕೇಳಬೇಕಾದದ್ದು ಮೊದಲ ಗೇರು ಎಷ್ಟು, ಎರಡನೆಯದಕ್ಕೂ ಅದಕ್ಕೂ ಅಂತರ ಎಷ್ಟು, ರಿವರ್ಸ್ ಎಷ್ಟು ಎಂದು. ರಿವರ್ಸ್ ಬಗ್ಗೆ ಯಾರೂ ಕೇಳುವುದಿಲ್ಲ, ಅದು ನನಗೆ ಬಹಳ ಬೇಸರದ ಸಂಗತಿ. ಏರು ಹತ್ತಲಾಗದೆ ನಡುವೆ ನಿಂತ ಗಾಡಿ ಕೆಳಗೆ ಬರಬೇಕಾದದ್ದು ರಿವರ್ಸ್ ಗೇರಿನಲ್ಲಿ. ಹಳೆಯ ಟಿ-90ರಲ್ಲಿ ರಿವರ್ಸ್ 3.8, ಲೋ ಮತ್ತು 5.38 ಕ್ರೌನಿನ ಜೊತೆಗೆ ಅದು 50ರ ಹತ್ತಿರ ಹೋಗುತ್ತದೆ, ಮೊದಲ ಗೇರಿಗಿಂತಲೂ ನಿಧಾನ. ಹಿಂದಕ್ಕೆ ಇಳಿಯುವವನಿಗೆ ಬೇಕಾದದ್ದು ಅದೇ.

ಹಾಗಿದ್ದರೆ ಐದನೆಯ ಗೇರು ವ್ಯರ್ಥವೇ? ಅಲ್ಲ. ಅದರ ಉಪಯೋಗವನ್ನು ನಮ್ಮವರು ತಪ್ಪಾಗಿ ತಿಳಿದಿದ್ದಾರೆ. 5.38 ಕ್ರೌನ್, ಇಳಿತವಿಲ್ಲದ ನೇರ ನಾಲ್ಕನೆಯ ಗೇರು ಇರುವ ಹಳೆಯ ಜೀಪು 80 ಕಿಲೋಮೀಟರ್ ವೇಗದಲ್ಲಿ ಹೋಗಬೇಕಾದರೆ ಎಂಜಿನ್ 3100 ಸುತ್ತು ದಾಟಬೇಕು. ಕಾಪುವಿನಿಂದ ಬನ್ನಂಜೆಗೆ ಬರುವಷ್ಟರಲ್ಲಿ ಕಿವಿ ಕೆಪ್ಪಾಗುತ್ತದೆ. ಅದಕ್ಕೆಂದೇ ಜನ ಕ್ರೌನ್ ತೆಗೆಸಿ 4.27ರದ್ದು ಹಾಕಿಸುತ್ತಾರೆ, ಹೆದ್ದಾರಿ ಸುಖವಾಯಿತು, ಗುಡ್ಡ ಹೋಯಿತು. ಐದನೆಯ ಗೇರು 0.8ರದ್ದು ಇದ್ದರೆ 5.38 ಕ್ರೌನ್ ಇಟ್ಟುಕೊಂಡೇ 80ರಲ್ಲಿ 2500 ಸುತ್ತಿಗೆ ಇಳಿಯಬಹುದು, 4.27 ಹಾಕಿಸಿದ ನಾಲ್ಕು ಗೇರಿನ ಗಾಡಿಯಷ್ಟೇ. ಐದನೆಯ ಗೇರನ್ನು ಕೊಳ್ಳಬೇಕಾದದ್ದು ತಗ್ಗಿನ ಕ್ರೌನನ್ನು ಉಳಿಸಿಕೊಳ್ಳುವುದಕ್ಕೆ. ನಮ್ಮವರು ಎರಡನ್ನೂ ಮಾಡಿಸುತ್ತಾರೆ: ಐದು ಗೇರೂ ಬೇಕು, ಎತ್ತರದ ಕ್ರೌನೂ ಬೇಕು. ಆ ಗಾಡಿ ಹೆದ್ದಾರಿಯಲ್ಲಿ ಐದನೆಯ ಗೇರನ್ನು ಎಳೆಯುವುದಿಲ್ಲ, ಗುಡ್ಡದಲ್ಲಿ ಮೊದಲ ಗೇರಿಗೆ ಕ್ಲಚ್ ಅರೆಯುತ್ತದೆ.

ಆಟೊಮ್ಯಾಟಿಕ್ ಪರ ವಾದಿಸುವವರ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಅದರಲ್ಲಿ ಕ್ಲಚ್ಚಿನ ಜಾಗದಲ್ಲಿರುವ ಟಾರ್ಕ್ ಕನ್ವರ್ಟರ್ ಹೊರಡುವ ಹೊತ್ತಿಗೆ ಎಂಜಿನ್ನಿನ ಬಲವನ್ನು ತಾನೇ ಹೆಚ್ಚಿಸಿ ಕೊಡುತ್ತದೆ, ಎಂಜಿನ್ ನಿಂತುಹೋಗುವ ಭಯವಿಲ್ಲ, ಮರಳಿನಲ್ಲಿ ಗೇರು ಬದಲಿಸುವಾಗ ಓಟ ತುಂಡಾಗುವುದಿಲ್ಲ. ಏರು ಹತ್ತುವ ಮಟ್ಟಿಗೆ ಜಿಮ್ನಿಯ 24.7 ಕಾಗದದ ಮೇಲೆ ಕಾಣುವಷ್ಟು ಬಡವಾಗಿಯೂ ಇಲ್ಲ. ಇದನ್ನೆಲ್ಲ ಒಪ್ಪುತ್ತೇನೆ. ಆದರೆ ಹತ್ತಿದವರು ಇಳಿಯಬೇಕಲ್ಲ. ಇಳಿಯುವಾಗ ಕನ್ವರ್ಟರ್ ಆ ಬಲವನ್ನು ಕೊಡುವುದಿಲ್ಲ. ಎಂಜಿನ್ ಮತ್ತು ಚಕ್ರದ ನಡುವೆ ಎಣ್ಣೆಯ ಸಡಿಲ ನಂಟು ಮಾತ್ರ ಉಳಿಯುತ್ತದೆ. ಅಲ್ಲಿ ಹಿಡಿಯಬೇಕಾದದ್ದು ಹಲ್ಲಿಗೆ ಹಲ್ಲು ಕೂತ ಗೇರು.

"ಹಿಲ್ ಡಿಸೆಂಟ್ ಇದೆಯಲ್ಲ" ಎನ್ನುತ್ತಾರೆ. ಇಳಿಜಾರಿನಲ್ಲಿ ವೇಗ ತಡೆಯುವ ಆ ವ್ಯವಸ್ಥೆ ಬ್ರೇಕನ್ನೇ ಬಳಸುತ್ತದೆ, ಬಿಟ್ಟು ಬಿಟ್ಟು ಒತ್ತುತ್ತದೆ ಅಷ್ಟೆ. ಮಳೆಗಾಲದಲ್ಲಿ ಕೆಂಪು ಕೆಸರು ಕುಡಿದ ಬ್ರೇಕ್ ಪ್ಯಾಡು ಎಷ್ಟು ಬೇಗ ಸವೆಯುತ್ತದೆಂದು ಯಾವ ಗ್ಯಾರೇಜಿನ ಹುಡುಗನನ್ನು ಕೇಳಿದರೂ ಹೇಳುತ್ತಾನೆ. ಡ್ರಮ್ ಬ್ರೇಕಿನ ಹಳೆಯ ಗಾಡಿಯಂತೂ ತೋಡು ದಾಟಿದ ಮೇಲೆ ಸ್ವಲ್ಪ ದೂರ ಬ್ರೇಕೇ ಹಿಡಿಯುವುದಿಲ್ಲ, ಡ್ರಮ್ಮಿನೊಳಗೆ ನೀರು. ತೋಡಿನ ಆಚೆ ದಡದಲ್ಲೇ ಇಳಿಜಾರು ಇದ್ದರೆ ಕಾಯುವುದು ಗೇರೊಂದೇ. ಹತ್ತುವ ಗೇರಿನಲ್ಲೇ ಇಳಿಯಬೇಕು ಎಂದು ಆಗುಂಬೆ ಘಾಟಿಯ ಹಳೆಯ ಬಸ್ ಚಾಲಕರು ಹೊಸಬರಿಗೆ ಹೇಳಿಕೊಡುತ್ತಿದ್ದದ್ದು ಇದೇ ಕಾರಣಕ್ಕೆ.

ಕೊಲ್ಲೂರಿನಿಂದ ಕೊಡಚಾದ್ರಿಗೆ ಯಾತ್ರಿಗಳನ್ನು ಹೊತ್ತೊಯ್ಯುವ ಜೀಪುಗಳನ್ನು ಗಮನಿಸಿದವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. 1343 ಮೀಟರ್ ಎತ್ತರದ ಆ ಬೆಟ್ಟದ ಕೊನೆಯ ಭಾಗ ರಸ್ತೆ ಎಂದು ಕರೆಯುವ ಹಾಗೆಯೇ ಇಲ್ಲ, ಕೊರೆದ ಮಣ್ಣು, ಉರುಳಿದ ಕಲ್ಲು. ಅಲ್ಲಿ ಓಡುವ ಹಳೆಯ ಮಹೀಂದ್ರ ಜೀಪುಗಳ ಟಯರು ಸಪೂರ, ಎಂಜಿನ್ ಸಾಧಾರಣ, ಬಂಪರು ಕಂಪನಿಯದ್ದೇ. ಇಳಿಯುವಾಗ ಚಾಲಕನ ಪಾದಗಳನ್ನು ನೋಡಬೇಕು. ಎರಡೂ ಪೆಡಲ್‌ಗಳಿಂದ ದೂರ, ನೆಲದ ಮೇಲೆ. ಲೋದಲ್ಲಿ ಮೊದಲ ಗೇರು, ಎಂಜಿನ್ ಗುರುಗುಟ್ಟುತ್ತಾ ನಾಲ್ಕು ಚಕ್ರಗಳನ್ನೂ ಹಿಂದಕ್ಕೆ ಹಿಡಿದಿರುತ್ತದೆ, ಅವನ ಕೈ ಸ್ಟಿಯರಿಂಗ್ ಮೇಲೆ ಮಾತ್ರ ಕೆಲಸ ಮಾಡುತ್ತಿರುತ್ತದೆ. ಚಕ್ರ ಲಾಕ್ ಆಗದಿದ್ದರೆ ಸ್ಟಿಯರಿಂಗ್ ಮಾತು ಕೇಳುತ್ತದೆ; ಬ್ರೇಕ್ ತುಳಿದು ಲಾಕ್ ಮಾಡಿದರೆ ಗಾಡಿ ನೇರ ಜಾರುತ್ತದೆ. ಹೊಟ್ಟೆಪಾಡಿಗಾಗಿ ದಿನವೂ ಈ ದಾರಿ ಹತ್ತಿಳಿಯುವವರ ತಿಳಿವಳಿಕೆಯನ್ನು ಬಿಟ್ಟು, ಭಾನುವಾರದ ಗಾಡಿಗಳನ್ನು ನೋಡಿ ಜೀಪು ಕಟ್ಟುವುದು ನನಗೆ ಅರ್ಥವಾಗದ ಸಂಗತಿ.

ಏರಿನ ನಡುವೆ ಎಂಜಿನ್ ಬಂದಾದಾಗಲೂ ಮ್ಯಾನ್ಯುವಲ್ ಗಾಡಿಯ ಗುಣ ತಿಳಿಯುತ್ತದೆ. ಗೇರು ಕೂತಿರುವಷ್ಟು ಹೊತ್ತು ಸತ್ತ ಎಂಜಿನ್ನೇ ಗಾಡಿಯನ್ನು ಹಿಡಿದಿರುತ್ತದೆ. ಅನುಭವಿ ಚಾಲಕ ಗಾಬರಿಯಿಂದ ಕ್ಲಚ್ ತುಳಿಯುವುದಿಲ್ಲ. ಮೊದಲು ಬ್ರೇಕ್ ಗಟ್ಟಿಯಾಗಿ ಒತ್ತುತ್ತಾನೆ, ಆಮೇಲೆ ಕ್ಲಚ್ ಒತ್ತಿ ರಿವರ್ಸ್ ಕೂರಿಸುತ್ತಾನೆ, ಕ್ಲಚ್ ಪೂರ್ತಿ ಬಿಡುತ್ತಾನೆ, ಬ್ರೇಕ್ ಮೆಲ್ಲ ಸಡಿಲಿಸಿ ಕೀ ತಿರುಗಿಸುತ್ತಾನೆ. ಹಳೆಯ ಜೀಪಿನಲ್ಲಿ ಸ್ಟಾರ್ಟರ್ ಮೋಟರೇ ಗಾಡಿಯನ್ನು ಒಂದು ಗೇಣು ಹಿಂದಕ್ಕೆ ತಳ್ಳಿ ಎಂಜಿನ್ನನ್ನು ಎಬ್ಬಿಸುತ್ತದೆ, ಒಂದು ಕ್ಷಣವೂ ಗಾಡಿ ಸ್ವತಂತ್ರವಾಗಿ ಉರುಳುವುದಿಲ್ಲ. ಕ್ಲಚ್ ಒತ್ತದೆ ಸ್ಟಾರ್ಟ್ ಆಗದ ಹೊಸ ಗಾಡಿಗಳಲ್ಲಿ ಇದು ನಡೆಯದು. ಅಲ್ಲಿ ಬ್ರೇಕ್ ಮೇಲೆ ನಿಂತೇ ಎಂಜಿನ್ ಎಬ್ಬಿಸಿ ಕ್ಲಚ್ ಬಿಡಬೇಕು. ಆದರೆ ಎರಡರಲ್ಲೂ ಕೆಳಗೆ ಬರುವುದು ಗೇರಿನ ವೇಗದಲ್ಲಿ.

ಮ್ಯಾನ್ಯುವಲ್ ಆದರೆ ಕ್ಲಚ್ ಸುಡುತ್ತದೆ ಎಂಬ ದೂರಿಗೆ ಬರುತ್ತೇನೆ. ನಮ್ಮ ಕಡೆಯ ಗೆಳೆಯರೊಬ್ಬರ ಜೀಪು ಒಂದೇ ಮಳೆಗಾಲದಲ್ಲಿ ಮತ್ತೆ ಮತ್ತೆ ಕ್ಲಚ್ ಪ್ಲೇಟ್ ತಿಂದಿತು. ಗ್ಯಾರೇಜಿನವರು ಚಾಲನೆ ಸರಿಯಿಲ್ಲ ಎಂದರು, ಆಮೇಲೆ ಪ್ಲೇಟ್ ನಕಲಿ ಎಂದರು, ಕೊನೆಗೆ ಆಟೊಮ್ಯಾಟಿಕ್ ಗಾಡಿ ತೆಗೆದುಕೊಳ್ಳಿ ಎಂದರು. ಗಾಡಿಯಲ್ಲಿ ಇದ್ದದ್ದು ರಸ್ತೆಯ ಪ್ರಯಾಣಿಕ ವಾಹನದಿಂದ ಬಿಚ್ಚಿ ತಂದ ಗೇರ್‌ಬಾಕ್ಸ್, ಎತ್ತರದ ಕ್ರೌನ್, 33 ಅಂಗುಲದ ಟಯರು. ಆ ಗಾಡಿಯ ಅತಿ ನಿಧಾನದ ವೇಗವೇ ತೋಟದ ತಿರುವಿಗೆ ಜಾಸ್ತಿ. ಆದ್ದರಿಂದ ಅವರು ಪ್ರತಿ ತಿರುವಿನಲ್ಲೂ ಅರ್ಧ ಕ್ಲಚ್ಚಿನಲ್ಲಿ ಓಡಿಸಬೇಕಾಗಿತ್ತು. ಗೇರು ಮಾಡಬೇಕಾದ ಕೆಲಸವನ್ನು ಕ್ಲಚ್ ಪ್ಲೇಟ್ ಉಜ್ಜಿ ಉಜ್ಜಿ ಮಾಡುತ್ತಿತ್ತು. ಅದು ಸುಡದೆ ಇನ್ನೇನು ಮಾಡೀತು? ಕ್ರಾಲ್ ರೇಶಿಯೊ ಸರಿ ಇದ್ದರೆ ಕ್ಲಚ್ ಹೊರಡುವಾಗ ಒಮ್ಮೆ ಬಿಡುವುದಕ್ಕೆ, ನಿಲ್ಲುವಾಗ ಒಮ್ಮೆ ಒತ್ತುವುದಕ್ಕೆ ಮಾತ್ರ. ಸುಟ್ಟ ಕ್ಲಚ್ಚಿನ ವಾಸನೆ ಬಂದಾಗಲೆಲ್ಲ ಮ್ಯಾನ್ಯುವಲ್ ಗೇರನ್ನು ದೂರುವವರು ಮೊದಲು ಕ್ರೌನ್ ಎಷ್ಟರದ್ದೆಂದು ನೋಡಲಿ.

ಕ್ರೌನ್ ಎಷ್ಟರದ್ದೆಂದು ತಿಳಿಯಲು ಯಾವ ಯಂತ್ರವೂ ಬೇಡ. ಹೌಸಿಂಗಿನ ಹಿಂದಿನ ಮುಚ್ಚಳ ಬಿಚ್ಚಿ, ಕಪ್ಪು ಎಣ್ಣೆಯನ್ನು ತಗಡಿನ ಡಬ್ಬಿಗೆ ಇಳಿಸಿ, ಬಟ್ಟೆಯಲ್ಲಿ ಒರೆಸಿದರೆ ದೊಡ್ಡ ಬಳೆಯ ಹಾಗಿನ ಕ್ರೌನ್ ಕಾಣುತ್ತದೆ. ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ತಿರುಗಿಸುತ್ತಾ ಎಣಿಸಬೇಕು. ಕ್ರೌನಿಗೆ 43 ಹಲ್ಲು, ಪಿನಿಯನ್ನಿಗೆ 8 ಇದ್ದರೆ 5.38. 39 ಮತ್ತು 8 ಇದ್ದರೆ 4.88. 47 ಮತ್ತು 11 ಇದ್ದರೆ 4.27. ಗುಜರಿಯಿಂದ ತಂದ ಹೌಸಿಂಗ್ ಆದರೆ ಹಿಂದಿನದನ್ನೂ ಮುಂದಿನದನ್ನೂ ಎಣಿಸಲೇಬೇಕು. ಮುಂದೆ ಒಂದು ಹಿಂದೆ ಒಂದು ಅನುಪಾತ ಇದ್ದ ಗಾಡಿಯಲ್ಲಿ ಫೋರ್ ವೀಲ್ ಹಾಕಿದ ಕೂಡಲೇ ಎರಡು ಶಾಫ್ಟುಗಳು ಒಂದಕ್ಕೊಂದು ಹೋರಾಡುತ್ತವೆ, ಲಿವರ್ ಬಿಗಿದುಕೊಳ್ಳುತ್ತದೆ, ಕೊನೆಗೆ ಏನಾದರೊಂದು ಮುರಿಯುತ್ತದೆ. ಮುಂದಿನದನ್ನು ಬದಲಿಸುವ ಖರ್ಚು ಉಳಿಸಲು ಹಿಂದಿನದನ್ನು ಮಾತ್ರ ಬದಲಿಸಿ ಕೊಡುವ ಗ್ಯಾರೇಜುಗಳು ಇವೆ. ಅದು ಗಿರಾಕಿಗೆ ಮಾಡುವ ದ್ರೋಹ.

ಇಳಿತವನ್ನು ಎಲ್ಲಿ ಇಡಬೇಕು ಎಂಬುದಕ್ಕೂ ವಿವೇಕ ಬೇಕು. ಎಲ್ಲವನ್ನೂ ಕ್ರೌನಿಗೆ ಹೊರಿಸಿದರೆ ಪಿನಿಯನ್ನಿನ ಹಲ್ಲು ಕಡಿಮೆಯಾಗುತ್ತದೆ, ಅದು ಚಿಕ್ಕದಾಗುತ್ತದೆ, ದುರ್ಬಲವಾಗುತ್ತದೆ; ಹೆದ್ದಾರಿಯಲ್ಲೂ ಅದರ ಬಾಧೆ ತಪ್ಪದು. ಎಲ್ಲವನ್ನೂ ಲೋ ಗೇರಿಗೆ ಹೊರಿಸಿದರೆ ಹೆಚ್ಚಿದ ಬಲವೆಲ್ಲ ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಹೋಗಬೇಕು, ಕ್ರಾಸಿನ ಮೇಲೆ ಭಾರ. ಮೂರರಲ್ಲೂ ಹಂಚಿದ್ದು ಉತ್ತಮ, ಅದರಲ್ಲೂ ಮೊದಲ ಗೇರು ಮತ್ತು ಲೋದಲ್ಲಿ ಹೆಚ್ಚು ಪಾಲು ಇರಲಿ. ಏಕೆಂದರೆ ಆ ಎರಡನ್ನು ಹೆದ್ದಾರಿಗೆ ಬಂದ ಮೇಲೆ ಬಿಟ್ಟುಬಿಡಬಹುದು, ಕ್ರೌನನ್ನು ಬಿಡಲಾಗದು.

ಇಷ್ಟು ಹೇಳಿದ ಮೇಲೆ ಎದುರು ತುದಿಗೆ ಓಡುವವರನ್ನೂ ತಡೆಯಬೇಕು. 2018ರ ಜೀಪ್ ರ‍್ಯಾಂಗ್ಲರ್ ರೂಬಿಕಾನ್ ಮ್ಯಾನ್ಯುವಲ್‌ನಲ್ಲಿ ಮೊದಲ ಗೇರು 5.13, ಲೋ 4, ಕ್ರೌನ್ 4.10, ಒಟ್ಟು 84. ಅದೇ ಗಾಡಿಯ ಎಂಟು ಗೇರಿನ ಆಟೊಮ್ಯಾಟಿಕ್ 77. ಅಮೆರಿಕದವರು ಆಟೊಮ್ಯಾಟಿಕ್ಕನ್ನು ನಂಬಿದಾಗಲೂ ಗೇರಿನ ಲೆಕ್ಕವನ್ನು ಬಿಟ್ಟುಕೊಟ್ಟಿಲ್ಲ ಎಂಬುದನ್ನು ನಮ್ಮ ಆಟೊಮ್ಯಾಟಿಕ್ ಅಭಿಮಾನಿಗಳು ಗಮನಿಸಬೇಕು. ಆದರೆ 84 ಒಣ ಬಂಡೆಯ ಮರುಭೂಮಿಗೆ ಹೊಂದುವ ಸಂಖ್ಯೆ. ಒಣ ಬಂಡೆಯಲ್ಲಿ ಟಯರು ಜಾರುವುದಿಲ್ಲ, ಎಷ್ಟು ನಿಧಾನವಾದರೂ ಸರಿ. ನಮ್ಮ ಕೆಂಪು ಕೆಸರಿನಲ್ಲಿ ಟಯರಿನ ಗೀರುಗಳು ಮಣ್ಣನ್ನು ಎಸೆದು ಶುಚಿಯಾಗಬೇಕಾದರೆ ಚಕ್ರಕ್ಕೆ ಒಂದಿಷ್ಟು ವೇಗ ಬೇಕು. ಬಂಡೆಗೆ ಲೋ ಒಂದನೆಯದು, ಕೆಸರಿಗೆ ಲೋ ಎರಡನೆಯದು ಒದಗಬೇಕು. 35ರಿಂದ 45ರ ನಡುವಿನ ಸಂಖ್ಯೆಯಲ್ಲಿ ಇವೆರಡೂ ಸಿಗುತ್ತವೆ. ಆರಕ್ಕಿಂತ ತಗ್ಗಿನ ಮೊದಲ ಗೇರು ಇರುವ ಲಾರಿ ಗೇರ್‌ಬಾಕ್ಸನ್ನು ಹೊರದೇಶದಿಂದ ತರಿಸಿ, ಅದರ ತೂಕ ಹೊರಲು ಚಾಸಿ ಕತ್ತರಿಸುವುದು ನಮಗೆ ಬೇಡದ ಆಡಂಬರ.

ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರು ಕೊಟ್ಟ ಮೂಲ ವಿವರಗಳಿಂದ ಗಾಡಿಯನ್ನು ಬದಲಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಖಚಿತವಾಗಿ ಎತ್ತಿಹಿಡಿದಿದೆ. ಬೇರೆ ಎಂಜಿನ್, ಮಡ್‌ಗಾರ್ಡ್ ಮೀರಿ ಚಾಚಿದ ಟಯರು, ಕತ್ತರಿಸಿದ ಬಾಡಿ, ಚಾಲ್ತಿಯಲ್ಲಿರುವ ಫ್ಯಾಶನ್ನಿನ ಒಂದೊಂದು ಅಂಗವೂ ಅಲ್ಲಿ ಸಿಕ್ಕಿಬೀಳುವಂಥದ್ದು. ನಾನು ಹೇಳುವ ದಾರಿ ತಯಾರಕರ ದಾರಿಗೆ ಹತ್ತಿರ. ಹಳೆಯ ಜೀಪಿಗೆ ಅದರ ವಂಶದ್ದೇ ಕ್ರೌನ್, ಅದರ ಅಳತೆಯ ಟಯರು, ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿಕೊಂಡು ಮಾಡಿಸಿದ ಕೆಲಸ.

ಬನ್ನಂಜೆಯಲ್ಲಿ ಮನೆ, ಕಾರ್ಕಳದ ಆಚೆ ರಬ್ಬರೋ ಅಡಿಕೆಯೋ ತೋಟ ಇರುವವರು ಕೇಳಿದರೆ ನಾನು ಹೇಳುವ ಗಾಡಿ ಹೀಗಿದೆ. ಮೊದಲ ಗೇರು 3.65ಕ್ಕಿಂತ ಎತ್ತರವಲ್ಲದ, ಐದನೆಯದು 0.8ರ ಸುತ್ತಮುತ್ತಲಿನ ಮ್ಯಾನ್ಯುವಲ್ ಬಾಕ್ಸ್. ಲೋ ಎರಡೂವರೆ. ಮುಂದೆ ಹಿಂದೆ ಎರಡೂ 4.88 ಕ್ರೌನ್. 30 ಅಂಗುಲ ಮೀರದ ಟಯರು. ಕ್ರಾಲ್ ರೇಶಿಯೊ 44ರ ಹತ್ತಿರ ಬರುತ್ತದೆ, ಸುಮ್ಮನೆ ಬಿಟ್ಟರೆ ಗಾಡಿ ಗಂಟೆಗೆ ಎರಡೂವರೆ ಕಿಲೋಮೀಟರ್ ಚಿಲ್ಲರೆಯಲ್ಲಿ ನಡೆಯುತ್ತದೆ. ಹೆದ್ದಾರಿ 66ರಲ್ಲಿ 80ರ ವೇಗಕ್ಕೆ ಎಂಜಿನ್ 2200 ಸುತ್ತು ಕೂಡ ಮುಟ್ಟುವುದಿಲ್ಲ. ಎಂಜಿನ್ ಯಾವುದಾದರೂ ಆರೋಗ್ಯವಾಗಿರಲಿ, ಸಾಕು.

ನಮ್ಮ ಗ್ಯಾರೇಜುಗಳವರಲ್ಲಿ ನನ್ನ ಒತ್ತಾಯ ಒಂದೇ. ಜೀಪು ಕಟ್ಟುವ ಎಸ್ಟಿಮೇಟ್ ಬರೆದುಕೊಡುವಾಗ ಟಯರಿನ ಸಾಲಿಗಿಂತ ಮೇಲೆ ಮೂರು ಸಂಖ್ಯೆ ಬರೆಯಿರಿ, ಮೊದಲ ಗೇರು, ಲೋ, ಕ್ರೌನ್. ಅವುಗಳ ಗುಣಲಬ್ಧವನ್ನೂ ಬರೆದು ಸಹಿ ಹಾಕಿ. ಹಾಕಿಸುವ ಟಯರಿನ ಅಳತೆಗೆ ಆ ಸಂಖ್ಯೆ ಎಷ್ಟಕ್ಕೆ ಇಳಿಯುತ್ತದೆಂದು ಪಕ್ಕದಲ್ಲೇ ತಿಳಿಸಿ. ಗಿರಾಕಿಗಳು ಆ ಸಾಲಿಲ್ಲದ ಎಸ್ಟಿಮೇಟನ್ನು ವಾಪಸು ಕೊಡಲಿ, ಮುಂಗಡ ಕೊಡದೆ.